ಈಜುಕೊಳದ ಅಂಚಿಗೆ ಎತ್ತಿಡುವ ನೀರಿನ ಜೆಟ್ ಮಸಾಜ್ ಯಂತ್ರ: ತರಿಸಬಹುದೇ, ಬಿಡಬೇಕೇ?

ಸಮಿತಿ_ಸದಸ್ಯ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಕನಕಪುರ ರಸ್ತೆಯ ಕಡೆ ಒಂದು ಅಪಾರ್ಟ್‌ಮೆಂಟಿನ ನಿರ್ವಹಣಾ ಸಮಿತಿಯಲ್ಲಿದ್ದೇನೆ. ಈಜುಕೊಳದ ಉಸ್ತುವಾರಿ ನನ್ನ ತಲೆಗೆ ಬಂದಿದೆ. ಬೆಳಗಿನ ಹೊತ್ತು ನಮ್ಮ ಕೊಳದಲ್ಲಿ ಈಜುವವರಿಗಿಂತ ಎದೆಮಟ್ಟದ ನೀರಿನಲ್ಲಿ ನಿಂತು ರಾಜಕೀಯ ಮಾತನಾಡುವ ಹಿರಿಯರೇ ಹೆಚ್ಚು. ಅವರಲ್ಲೊಬ್ಬರು ಮಗಳ ಮನೆಗೆಂದು ಜರ್ಮನಿಗೆ ಹೋಗಿದ್ದಾಗ ಕೊಳದ ಅಂಚಿಗೆ ಸಿಕ್ಕಿಸಿ ಇಡುವ ಯಂತ್ರವೊಂದನ್ನು ನೋಡಿ ಬಂದಿದ್ದಾರೆ. ಮೇಲೆ ಮೋಟಾರಿನ ಪೆಟ್ಟಿಗೆ, ನೀರಿನೊಳಗೆ ಎಳೆದುಕೊಳ್ಳುವ ಬಾಯಿ ಒಂದು, ಚಿಮ್ಮುವ ಮೂತಿ ಇನ್ನೊಂದು. ಮೂತಿಗೆ ಬೆನ್ನು ಕೊಟ್ಟು ನಿಂತರೆ ಸೊಂಟ ಹಗುರಾಗುತ್ತದಂತೆ. ಕೆಲಸ ಮುಗಿದ ಮೇಲೆ ಎತ್ತಿ ಕೋಣೆಯಲ್ಲಿ ಇಟ್ಟರಾಯಿತು. ಈಗ ಹತ್ತಾರು ಸಹಿ ಇರುವ ಮನವಿಪತ್ರ ಸಮಿತಿಯ ಮುಂದಿದೆ.

ಮಾರಾಟಗಾರ 2 ಎಚ್‌ಪಿ ಯಂತ್ರಕ್ಕೆ ಹೇಳಿದ ದರ ಕೇಳಿ ನಮ್ಮ ಖಜಾಂಚಿಯವರು ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಇದರಿಂದ ನಿಜಕ್ಕೂ ಉಪಯೋಗವಿದೆಯೇ? ಅಷ್ಟು ದೊಡ್ಡ ಮೋಟಾರ್ ಬೇಕೇ? ನೀರಿನ ಪಕ್ಕದಲ್ಲಿ ಕರೆಂಟ್ ಯಂತ್ರ ಇಡಿಸಿ ನಾಳೆ ಏನಾದರೂ ಆದರೆ ಉತ್ತರ ಕೊಡುವವರು ಯಾರು? ತಿಳಿದವರು ಹೇಳಿ. ‘ಯೂಟ್ಯೂಬ್ ನೋಡಿ’ ಎನ್ನುವವರಿಗೆ ಮುಂಗಡ ವಂದನೆಗಳು, ನೋಡಿಯಾಗಿದೆ.

ಮೂರನೇ_ಮಹಡಿ
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಕೆಟ್ಟು ನಿಂತಿದೆ, ನಿಮಗೆ ಮಸಾಜಿನ ಚಿಂತೆ.

ಸಮಿತಿ_ಸದಸ್ಯ
ನಮ್ಮ ಲಿಫ್ಟ್ ಓಡುತ್ತಿದೆ ಸ್ವಾಮಿ. ಮುಂದಿನವರು?

ಮೋಟಾರ್_ಮನೆ
ಹುಬ್ಬಳ್ಳಿಯಲ್ಲಿ ಪಂಪ್ ರಿಪೇರಿಯ ಅಂಗಡಿ ನನ್ನದು. 2 ಎಚ್‌ಪಿ ಎಂಬುದು ಮಾರಾಟಗಾರನ ಮಾತು. ಲೆಕ್ಕ ಹಾಕೋಣ.

20 ಮಿ.ಮೀ. ಮೂತಿಯಿಂದ ನಿಮಿಷಕ್ಕೆ 200 ಲೀಟರ್ ನೀರು ಹೊರಟಿತು ಎಂದುಕೊಳ್ಳಿ. ಅದರ ವೇಗ ಸೆಕೆಂಡಿಗೆ ಹತ್ತೂವರೆ ಮೀಟರಿನಷ್ಟು. ಬೆನ್ನಿಗೆ ತಗಲುವ ಒತ್ತು ಸುಮಾರು ಮೂರೂವರೆ ಕಿಲೋ ತೂಕದ್ದು. ಸೊಂಟದ ಒಂದೇ ಜಾಗಕ್ಕೆ ಇಷ್ಟು ಬಿದ್ದರೆ ವಯಸ್ಸಾದವರು ಹಿಂದಿನ ಕಂಬಿ ಹಿಡಿದುಕೊಳ್ಳಬೇಕಾಗುತ್ತದೆ. ಇದಕ್ಕೆ ಬೇಕಾದ ಹೆಡ್, ಅಂದರೆ ನೀರಿನ ಎತ್ತರದಲ್ಲಿ ಹೇಳುವ ಒತ್ತಡ, ಆರು ಮೀಟರಿಗಿಂತ ಕಡಿಮೆ. ನೀರಿಗೆ ಕೊಡಬೇಕಾದ ಶಕ್ತಿ 190 ವ್ಯಾಟ್ ಇದ್ದರೆ ಸಾಕು. ಮೋಟಾರ್ ಕೊಟ್ಟದ್ದರಲ್ಲಿ ಪಂಪ್ ಅರ್ಧ ನುಂಗಿದರೂ ಅರ್ಧ ಎಚ್‌ಪಿಯಲ್ಲಿ ಕೆಲಸ ಆಗುತ್ತದೆ.

2 ಎಚ್‌ಪಿ ಬೇಕಾಗುವುದು ಎದುರು ಹರಿವಿನಲ್ಲಿ ನಿಂತಲ್ಲೇ ಈಜುವ ಯಂತ್ರಕ್ಕೆ. ಜರ್ಮನಿಯಲ್ಲಿ ಆ ಹಿರಿಯರು ನೋಡಿದ್ದು ಅದೇ ಇರಬೇಕು. ಅಂಥ ಯಂತ್ರಗಳಿಗೆ ಮಸಾಜ್ ಪೈಪನ್ನೂ ಜೋಡಿಸಬಹುದು. ಆದರೆ ಬರೀ ಮಸಾಜಿಗೆಂದು ಅದನ್ನು ಕೊಳ್ಳಬಾರದು.

ಇನ್ನೊಂದು ವಿಷಯ. ನೀರಿನೊಳಗೆ ಚಿಮ್ಮಿದ ಧಾರೆಗೆ ಆಯುಷ್ಯ ಕಡಿಮೆ. ಮೂತಿಯ ಅಗಲದ ಐದಾರು ಪಟ್ಟು ದೂರದವರೆಗೆ ಮಾತ್ರ ನಡುವಿನ ವೇಗ ಹಾಗೇ ಉಳಿಯುತ್ತದೆ. 20 ಮಿ.ಮೀ. ಮೂತಿಯಾದರೆ ಒಂದು ಗೇಣಿಗೂ ಕಡಿಮೆ. ಎರಡು ಅಡಿ ದೂರ ನಿಂತರೆ ಐದನೇ ಒಂದು ಭಾಗ ವೇಗ ಉಳಿದೀತು. ಹೀಗಾಗಿ ‘ಯಂತ್ರಕ್ಕೆ ಜೋರಿಲ್ಲ’ ಎಂದು ದೂರುವವರನ್ನು ಮೊದಲು ಹತ್ತಿರ ನಿಲ್ಲಿಸಿ ನೋಡಿ.

ಅಬ್ಬಿ_ನೀರು
ಇಷ್ಟಕ್ಕೆ ಎಚ್‌ಪಿ ಲೆಕ್ಕವೇ? ಸಾಗರದ ಕಡೆ ನಮ್ಮ ಮನೆಯ ಹಿಂದಿನ ಗುಡ್ಡದ ಒರತೆಗೆ ಅಡಿಕೆ ಮರ ಸೀಳಿದ ದಂಬೆ ಹಾಕಿ ನೀರು ಬೀಳಿಸುತ್ತಿದ್ದೆವು, ಅದೇ ಅಬ್ಬಿ. ತೋಟದ ಕೆಲಸ ಮುಗಿಸಿ ಬಂದವರು ಅಬ್ಬಿಯ ಕೆಳಗೆ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಕುತ್ತಿಗೆ ಬಗ್ಗಿಸಿ, ನೀರು ಸರಿಯಾಗಿ ಹೆಗಲ ಮೂಳೆಯ ಬುಡಕ್ಕೆ ಬೀಳುವಂತೆ ಇಂಚಿಂಚು ಸರಿಯುತ್ತಿದ್ದರು. ಜಾಗ ಸಿಕ್ಕಿತೆಂದರೆ ಮಾತಿಲ್ಲ, ಕಥೆಯಿಲ್ಲ. ಕರೆಂಟ್ ಬಿಲ್ಲೂ ಇಲ್ಲ.

ಮೋಟಾರ್_ಮನೆ
ಅಬ್ಬಿಯೂ ಅದೇ ಲೆಕ್ಕಕ್ಕೆ ಒಳಪಟ್ಟಿದೆ ರಾಯರೇ. ಎರಡು ಮೀಟರ್ ಎತ್ತರದಿಂದ ಬೀಳುವ ನೀರಿಗೆ ಸೆಕೆಂಡಿಗೆ ಆರು ಮೀಟರಿನಷ್ಟು ವೇಗ. ದಂಬೆಯನ್ನು ಆರು ಮೀಟರ್ ಮೇಲೆ ಕಟ್ಟಿ, ಧಾರೆ ಒಡೆಯದಂತೆ ನೋಡಿಕೊಂಡರೆ ಇವರ ಯಂತ್ರವೇ ಆಯಿತು. ನಿಮಗೆ ಗುಡ್ಡ ಇತ್ತು. ಕನಕಪುರ ರಸ್ತೆಯವರಿಗೆ ಮೋಟಾರ್ ಬೇಕು.

ಹಳೇ_ಟ್ಯಾಂಕ್
ಗುಡ್ಡ ಯಾಕೆ ಬೇಕು? ತಾರಸಿಯ ಮೇಲೆ ಟ್ಯಾಂಕ್ ಇದೆಯಲ್ಲ! ಹತ್ತು ಮಹಡಿ ಎಂದರೆ 30 ಮೀಟರ್ ಹೆಡ್. ಅಲ್ಲಿಂದ ಒಂದು ಪೈಪ್ ಇಳಿಸಿದರೆ ಕೊಳದ ಪಕ್ಕ ಕರೆಂಟೇ ಬೇಡ. ಯಾರಿಗೂ ಹೊಳೆಯಲಿಲ್ಲವೇ?

ಲೆಕ್ಕಪತ್ರ
ಹೊಳೆಯದಿದ್ದದ್ದೇ ಒಳ್ಳೆಯದಾಯಿತು. ನಿಮಿಷಕ್ಕೆ 200 ಲೀಟರ್ ಎಂದು ಮೇಲೆ ಬರೆದಿದ್ದಾರೆ. ಅರ್ಧ ಗಂಟೆಗೆ 6,000 ಲೀಟರ್, ಅಂದರೆ ಒಂದು ಟ್ಯಾಂಕರ್ ನೀರು ಸೊಂಟದ ಮೇಲೆ ಹರಿದು ಕೊಳದಿಂದ ಉಕ್ಕಿ ಚರಂಡಿಗೆ. ಆ ಟ್ಯಾಂಕಿಗೆ ನೀರು ಏರಿಸಿದ್ದೂ ಕರೆಂಟೇ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದೆಂದು ಹೇಳಿ 5,000 ರೂಪಾಯಿ ದಂಡ ಇಟ್ಟದ್ದು ಇಷ್ಟು ಬೇಗ ಮರೆತುಹೋಯಿತೇ? ಆ ಬೇಸಿಗೆಯಲ್ಲಿ ನಮ್ಮ ಕೊಳದ ತಳ ಒಣಗಿ ಹುಡುಗರು ಅದರೊಳಗೆ ಕ್ರಿಕೆಟ್ ಆಡಿದ್ದರು.

ಹಳೇ_ಟ್ಯಾಂಕ್
ಒಂದು ಸಲಹೆ ಕೊಟ್ಟೆ, ಅಷ್ಟೇ. ಎಲ್ಲದಕ್ಕೂ ಎಗರಿ ಬೀಳಬೇಕೇ?

ಅರ್ಥಿಂಗ್
ಕರೆಂಟಿನ ಪ್ರಶ್ನೆಗೆ ಇನ್ನೂ ಯಾರೂ ಬಂದಿಲ್ಲ. ನಾನು ಬರುತ್ತೇನೆ, ಯಾಕೆಂದರೆ ಕಟ್ಟಡಗಳ ವಿದ್ಯುತ್ ತಪಾಸಣೆಯೇ ನನ್ನ ಅನ್ನ.

2023ರ ಡಿಸೆಂಬರ್ ಕೊನೆಯಲ್ಲಿ ವರ್ತೂರಿನ ಕಡೆಯ ಅಪಾರ್ಟ್‌ಮೆಂಟ್ ಒಂದರ ಈಜುಕೊಳದಲ್ಲಿ ಬಾಲಕಿಯೊಬ್ಬಳು ತೀರಿಕೊಂಡಳು. ವಿದ್ಯುತ್ ತಗುಲಿದ್ದೇ ಕಾರಣವೆಂದು ತನಿಖೆ ಸಾಗಿ, ನಿವಾಸಿಗಳ ಸಂಘಕ್ಕೆ ಸೇರಿದವರೂ ಬಂಧನಕ್ಕೆ ಒಳಗಾದರು. ಸಮಿತಿ_ಸದಸ್ಯರೇ, ‘ಉತ್ತರ ಕೊಡುವವರು ಯಾರು’ ಎಂದು ಕೇಳಿದ್ದೀರಿ. ನೀವೇ.

ಈಜುಕೊಳದ ವೈರಿಂಗಿಗೆ ಅಂತರರಾಷ್ಟ್ರೀಯ ಮಾನದಂಡ ಐಇಸಿ 60364ರಲ್ಲಿ ಪ್ರತ್ಯೇಕ ಅಧ್ಯಾಯವೇ ಇದೆ. ಕೊಳದ ಒಳಗಿನದು ಸೊನ್ನೆ ವಲಯ. ಅಂಚಿನಿಂದ ಎರಡು ಮೀಟರ್ ದೂರದವರೆಗೆ ಒಂದನೇ ವಲಯ. ಅದರಾಚೆ ಇನ್ನೂ ಒಂದೂವರೆ ಮೀಟರ್ ಎರಡನೇ ವಲಯ. ನೀರಿನೊಳಗೆ ಜನ ಇರುವಾಗ ಸೊನ್ನೆ ವಲಯದಲ್ಲಿ 12 ವೋಲ್ಟ್ ಎಸಿಗಿಂತ ಹೆಚ್ಚು ಇರಬಾರದು. ಇನ್ನು 230 ವೋಲ್ಟಿನ ಪೆಟ್ಟಿಗೆಯನ್ನು ಅಂಚಿಗೇ ಸಿಕ್ಕಿಸಿ, ಭದ್ರತಾ ಸಿಬ್ಬಂದಿಯ ಕೋಣೆಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು ಒದ್ದೆ ನೆಲದ ಮೇಲೆ ಇಡುವುದೆಂದರೆ ಏನು ಹೇಳಲಿ? ‘ಎತ್ತಿಡುವ ಯಂತ್ರ’ ಎಂಬ ಅನುಕೂಲವೇ ಇಲ್ಲಿನ ಕಂಟಕ. ದಿನವೂ ಎತ್ತಿ, ಇಟ್ಟು, ಎಳೆದು ಕೇಬಲ್ ಸವೆಯುವುದು ಪೆಟ್ಟಿಗೆಯೊಳಗೆ ಹೋಗುವ ಕುತ್ತಿಗೆಯಲ್ಲೇ. ಆ ಕುತ್ತಿಗೆಗೆ ಇನ್ಸುಲೇಶನ್ ಟೇಪ್ ಸುತ್ತಿದ ಯಂತ್ರ ಕಂಡರೆ ನಾನು ಮುಂದಿನ ತಪಾಸಣೆಯನ್ನೇ ಮಾಡುವುದಿಲ್ಲ, ಅಲ್ಲೇ ಕೆಂಪು ಚೀಟಿ.

ಮೂರನೇ_ಮಹಡಿ
ಹೆದರಿಸಬೇಡಿ. ಎಂಸಿಬಿ ಇರುತ್ತದೆ, ಟ್ರಿಪ್ ಆಗುತ್ತದೆ, ಮುಗಿಯಿತು.

ಅರ್ಥಿಂಗ್
ಮುಗಿಯುವುದು ಮನುಷ್ಯ. ಎಂಸಿಬಿ ಇರುವುದು ವೈರ್ ಸುಡದಿರಲಿ ಎಂದು. 16 ಆಂಪಿಯರಿನ ಎಂಸಿಬಿ 16 ಆಂಪಿಯರ್ ದಾಟುವ ತನಕ ಮಿಸುಕುವುದಿಲ್ಲ. ಎದೆಯ ಮೂಲಕ ಹರಿದರೆ ಜೀವಕ್ಕೆ ಅಪಾಯವಾಗುವ ಪ್ರವಾಹ ಅದರ ಐನೂರನೇ ಒಂದು ಭಾಗಕ್ಕಿಂತ ಹೆಚ್ಚೇನೂ ಇಲ್ಲ. ಅದನ್ನು ಹಿಡಿಯುವುದು 30 ಮಿಲಿಆಂಪಿಯರ್ ಸೋರಿದರೂ ಕರೆಂಟ್ ಕಡಿಯುವ ಆರ್‌ಸಿಸಿಬಿ. ಅದರ ಮೇಲೆ ‘ಟಿ’ ಎಂಬ ಪುಟ್ಟ ಗುಂಡಿ ಇರುತ್ತದೆ. ಈಗ ಹೋಗಿ ಒತ್ತಿ ನೋಡಿ. ಬೀಳದಿದ್ದರೆ ಮಸಾಜಿನ ಮಾತು ಬಿಡಿ, ಕೊಳಕ್ಕೇ ಬೀಗ ಹಾಕಿ. ನೀರಿನಲ್ಲಿ ಇನ್ನೊಂದು ತೊಡಕು ಇದೆ. ಸಾಯುವಷ್ಟು ಆಘಾತ ಆಗಬೇಕೆಂದೇನಿಲ್ಲ, ಸ್ನಾಯು ಸೆಟೆದುಕೊಂಡರೆ ಎದೆಮಟ್ಟದ ನೀರಿನಲ್ಲೂ ಮುಳುಗುತ್ತಾರೆ.

ಪ್ರಶ್ನಾರ್ಥಕ
ಹಾಗಾದರೆ 12 ವೋಲ್ಟಿನ ಯಂತ್ರವನ್ನೇ ತರಿಸಿದರೆ?

ಅರ್ಥಿಂಗ್
ತರಿಸಬಹುದು. ಆದರೆ ಅರ್ಧ ಎಚ್‌ಪಿ ಮೋಟಾರ್ 12 ವೋಲ್ಟಿನಲ್ಲಿ 40 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಹೆಬ್ಬೆರಳು ಗಾತ್ರದ ಕೇಬಲ್, ದೂರದಲ್ಲಿ ಟ್ರಾನ್ಸ್‌ಫಾರ್ಮರ್. ಆಮೇಲೆ ಅದನ್ನು ‘ಎತ್ತಿಡುವವರು’ ಯಾರು? ಪಂಪನ್ನು ಅಂಚಿನಿಂದ ಮೂರೂವರೆ ಮೀಟರ್ ಆಚೆ ಬಿಗಿದು, ನೀರಿನ ಪೈಪ್ ಮಾತ್ರ ಕೊಳಕ್ಕೆ ಬರುವಂತೆ ಮಾಡುವುದು ಇದಕ್ಕಿಂತ ಸುಲಭ.

ಮೋಟಾರ್_ಮನೆ
ಹಾಗೆ ದೂರ ಇಡುವವರು ಪೈಪಿನಲ್ಲಿ ಜಿಪುಣತನ ಮಾಡಬೇಡಿ. ಐದು ಮೀಟರ್ ಉದ್ದದ ಒಂದು ಇಂಚಿನ ಪೈಪಿನಲ್ಲಿ ನಿಮಿಷಕ್ಕೆ 200 ಲೀಟರ್ ದೂಡುವುದೆಂದರೆ ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಒಂದೇ ಬಾಗಿಲು ತೆರೆದ ಹಾಗೆ. ಒಂಬತ್ತು ಮೀಟರಿನಷ್ಟು ಹೆಡ್ ಪೈಪಿನಲ್ಲೇ ಸೋರಿಹೋಗುತ್ತದೆ. ಮೂತಿಗೆ ಬೇಕಾದದ್ದಕ್ಕಿಂತ ಹೆಚ್ಚು! ಅದೇ 40 ಮಿ.ಮೀ. ಪೈಪಿನಲ್ಲಿ ನಷ್ಟ ಒಂದು ಮೀಟರ್ ಕೂಡ ಇಲ್ಲ. ಸಣ್ಣ ಪೈಪ್ ಹಾಕಿ, ಜೋರಿಲ್ಲವೆಂದು ಮೋಟಾರ್ ದೊಡ್ಡದು ಮಾಡುತ್ತಾರೆ. 2 ಎಚ್‌ಪಿ ಹುಟ್ಟುವುದು ಹೀಗೆ.

ಮೂರನೇ_ಮಹಡಿ
ಇದೆಲ್ಲ ಜಪಾನಿನವರ ಶೋಕಿ. ಜಕೂಝಿ ಎಂದು ಹೆಸರಿಟ್ಟು ಪ್ರಪಂಚಕ್ಕೆಲ್ಲ ಮಾರಿದರು.

ಬೇ_ಏರಿಯಾ_ಕನ್ನಡಿಗ
ಜಪಾನ್ ಅಲ್ಲ ಸರ್, ಇಟಲಿ. ಇಟಲಿಯಿಂದ ಬಂದ ಜಕೂಝಿ ಸಹೋದರರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಾನಿರುವ ಊರಿನ ಪಕ್ಕದ ಬರ್ಕ್ಲಿಯಲ್ಲಿ ನೆಲೆಸಿದವರು. ಮೊದಲು ವಿಮಾನದ ಪ್ರೊಪೆಲರ್ ಮಾಡುತ್ತಿದ್ದರು, ಒಂದು ವಿಮಾನವನ್ನೂ ಕಟ್ಟಿದರು. 1921ರಲ್ಲಿ ಅದು ಬಿದ್ದು ಸಹೋದರರಲ್ಲೇ ಒಬ್ಬ ಸತ್ತ ಮೇಲೆ ವಿಮಾನದ ಸಹವಾಸ ಬಿಟ್ಟು ಹೊಲಗಳಿಗೆ ನೀರೆತ್ತುವ ಪಂಪಿಗೆ ಇಳಿದರು. ಕಿರಿಯವನಾದ ಕ್ಯಾಂಡಿಡೊನ ಮಗನಿಗೆ ಎಳೆಯ ವಯಸ್ಸಿನಲ್ಲೇ ಸಂಧಿವಾತ. ಆಸ್ಪತ್ರೆಯಲ್ಲಿ ನೀರಿನ ಚಿಕಿತ್ಸೆ ಕೊಡುತ್ತಿದ್ದರು. ಅದು ಮನೆಯಲ್ಲೇ ಸಿಗಲಿ ಎಂದು ಅಪ್ಪ ಸ್ನಾನದ ತೊಟ್ಟಿಗೆ ಇಳಿಬಿಡುವ ಪಂಪ್ ಮಾಡಿದ. 1956ರಲ್ಲಿ ಅದೇ ‘ಜೆ-300’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಗಮನಿಸಿ, ಮೊದಲು ಬಂದದ್ದು ನೀವು ಕೇಳುತ್ತಿರುವಂಥ ಎತ್ತಿಡುವ ಯಂತ್ರವೇ. ಜೆಟ್‌ಗಳನ್ನು ಗೋಡೆಯಲ್ಲೇ ಕೂರಿಸಿದ ತೊಟ್ಟಿಯನ್ನು ಅದೇ ಕುಟುಂಬದ ರಾಯ್ ಜಕೂಝಿ ತಂದದ್ದು 1968ರಲ್ಲಿ.

ಇಲ್ಲಿ ಈಜುಕೊಳದ ಬಳಿಯ ಪ್ಲಗ್‌ಗೆ 5 ಮಿಲಿಆಂಪಿಯರ್ ಸೋರಿದರೂ ಕಡಿದುಹೋಗುವ ಸಾಧನ ಕಡ್ಡಾಯ. ಸ್ವಿಚ್ಚಿನ ಬಗ್ಗೆಯೂ ಹೇಳುತ್ತೇನೆ: ಸ್ಪಾಗಳಲ್ಲಿ ಒದ್ದೆ ಕೈಯಲ್ಲಿ ಒತ್ತುವ ಗುಂಡಿಯೊಳಗೆ ಎಷ್ಟೋ ಕಡೆ ಕರೆಂಟೇ ಇರುವುದಿಲ್ಲ. ಒತ್ತಿದರೆ ಸಣ್ಣ ನಳಿಗೆಯಲ್ಲಿ ಗಾಳಿ ಹೋಗಿ ದೂರದ ಸ್ವಿಚ್ಚನ್ನು ತಳ್ಳುತ್ತದೆ.

ಕರಾವಳಿ_ಕಾಕ
ಓಹೋ, ಹಾಗಾದರೆ ಬಾವಿಯ ಜೆಟ್ ಪಂಪಿನ ಬಳಗದವರೇ ಇವರು! ಕುಂದಾಪುರದ ನಮ್ಮ ಮನೆಯಲ್ಲಿ ಎರಡು ಪೈಪಿನ ಜೆಟ್ ಪಂಪ್ ಇನ್ನೂ ಇದೆ. ಒಂದರಲ್ಲಿ ನೀರು ಕೆಳಗೆ ಹೋಗಿ, ಇನ್ನೊಂದರಲ್ಲಿ ಜೊತೆಗೆ ಬಾವಿಯ ನೀರನ್ನೂ ಎಳೆದು ತರುತ್ತದೆ. ಫುಟ್‌ವಾಲ್ವ್‌ಗೆ ಕಸ ಸಿಕ್ಕಿದ ದಿನ ಮಾತ್ರ ಮನೆಯವರೆಲ್ಲ ಅದಕ್ಕೆ ಮಸಾಜ್ ಮಾಡಬೇಕು.

ಮೋಟಾರ್_ಮನೆ
ಕಾಕಾ, ಅದೇ ಸೂತ್ರ ಮಸಾಜ್ ಮೂತಿಯಲ್ಲೂ ಇದೆ. ಇಕ್ಕಟ್ಟಾದ ಕಡೆ ನೀರಿನ ವೇಗ ಏರಿ ಒತ್ತಡ ಇಳಿಯುತ್ತದೆ. ಅಲ್ಲಿಗೊಂದು ನಳಿಗೆ ಜೋಡಿಸಿ ಅದರ ತುದಿಯನ್ನು ನೀರಿನ ಮೇಲೆ ಇಟ್ಟರೆ ಗಾಳಿ ತಾನಾಗಿ ಒಳಬರುತ್ತದೆ. ಗುಳುಗುಳು ಗುಳ್ಳೆಗಳಿಗೆ ಬೇರೆ ಮೋಟಾರ್ ಬೇಡ.

ಸಂದು_ನೋವು
ಧಾರವಾಡದಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೇನೆ. ಉಪಯೋಗದ ಬಗ್ಗೆ ನೇರವಾಗಿ ಹೇಳುತ್ತೇನೆ. ಮಂಡಿ ಸವೆದವರಿಗೆ ಬೆಚ್ಚನೆಯ ನೀರಿನೊಳಗೆ ವ್ಯಾಯಾಮ ಮಾಡಿಸಿದರೆ ನೋವು ಸ್ವಲ್ಪ ಕಡಿಮೆಯಾಗುತ್ತದೆ, ಇದಕ್ಕೆ ಆಧಾರವಿದೆ. ಜೆಟ್ ಕೊಡುವುದು ಮುಖ್ಯವಾಗಿ ಹಾಯಿ. ಹಾಯಿ ಬೇಡವೆಂದು ನಾನು ಹೇಳುವುದಿಲ್ಲ, ಆದರೆ ‘ಡಿಸ್ಕ್ ಸರಿಹೋಗುತ್ತದೆ’ ಎಂಬ ಮಾರಾಟಗಾರನ ಮಾತಿಗೆ ತಲೆದೂಗಬೇಡಿ.

ನೀರು ಎಷ್ಟು ಬೆಚ್ಚಗಿದೆ ಎಂಬುದೇ ದೊಡ್ಡ ಪ್ರಶ್ನೆ. ಚಿಕಿತ್ಸೆಯ ಕೊಳದಲ್ಲಿ 33ರಿಂದ 36 ಡಿಗ್ರಿ ಇರುತ್ತದೆ. ಬಿಸಿ ಮಾಡದ ಬೆಂಗಳೂರಿನ ಕೊಳ ಜನವರಿಯ ಬೆಳಗ್ಗೆ ಆರಕ್ಕೆ ಹೇಗಿರುತ್ತದೆಂದು ನಿಮಗೇ ಗೊತ್ತು. ತಣ್ಣೀರಿನಲ್ಲಿ ಬಿಗಿದ ಸೊಂಟಕ್ಕೆ ತಣ್ಣೀರಿನ ಧಾರೆ ಹೊಡೆದರೆ ಅದು ಇನ್ನಷ್ಟು ಬಿಗಿಯುತ್ತದೆ. ಬಿಸಿಲೇರಿದ ಮೇಲೆ ಬರಲಿ, ಮೊದಲು ನೀರಿನಲ್ಲಿ ಸ್ವಲ್ಪ ನಡೆಯಲಿ.

ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು, ಹೊಸ ಶಸ್ತ್ರಚಿಕಿತ್ಸೆಯ ಗಾಯ ಇರುವವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರು ವೈದ್ಯರನ್ನು ಕೇಳದೆ ಧಾರೆಗೆ ಮೈ ಕೊಡಬಾರದು. ಮುಜುಗರದ ವಿಷಯವಾದರೂ ಹೇಳಲೇಬೇಕು: ಮಕ್ಕಳು ಆಟಕ್ಕೆಂದು ಮೂತಿಯ ಮೇಲೆ ಕುಳಿತರೆ ನೀರು ದೇಹದೊಳಗೆ ನುಗ್ಗಿ ಒಳಗಾಯಗಳಾಗುತ್ತವೆ. ಹಾಗಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಮುಖ, ಕಿವಿಗೂ ಅದನ್ನು ತಿರುಗಿಸಬಾರದು.

ಬೆಳಗಿನ_ಈಜು
ಡಾಕ್ಟರ್ ಮೇಡಂ, ಹಾಯಿ ಎಂದು ಇಷ್ಟು ಹಗುರವಾಗಿ ಹೇಳಿಬಿಟ್ಟಿರಿ. ಅರವತ್ತು ದಾಟಿದ ಮೇಲೆ ಹಾಯಿಗಿಂತ ದೊಡ್ಡ ಔಷಧಿ ಏನಿದೆ? ನಾನು ಪ್ರಕೃತಿ ಚಿಕಿತ್ಸಾಲಯವೊಂದರಲ್ಲಿ ಈ ಚಿಕಿತ್ಸೆ ತೆಗೆದುಕೊಂಡವಳು. ಅಲ್ಲಿ ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ಮಲಗಿಸುತ್ತಾರೆ. ಚಿಕಿತ್ಸೆ ಕೊಡುವಾಕೆ ತೊಟ್ಟಿಯ ಹೊರಗೆ ನಿಂತು, ಪೈಪಿನ ಮೂತಿಯನ್ನು ನೀರಿನೊಳಗೇ ಹಿಡಿದು, ಪಾದದಿಂದ ಮೇಲಕ್ಕೆ ಒಂದೇ ಸಮನೆ ಸರಿಸುತ್ತಾ ಹೋಗುತ್ತಾಳೆ. ಮೀನಖಂಡದ ಹತ್ತಿರ ಬಂದಾಗ ಇನ್ನೊಂದು ಕೈಯನ್ನು ಧಾರೆಗೆ ಅಡ್ಡ ಹಿಡಿದು ಜೋರು ನೋಡಿಕೊಂಡು ಮತ್ತೆ ಬಿಡುತ್ತಿದ್ದಳು. ಮಂಡಿಯ ಚಿಪ್ಪಿನ ಮೇಲೆ ಒಮ್ಮೆಯೂ ಹಾಯಿಸಲಿಲ್ಲ, ಸುತ್ತಿ ಹೋಗುತ್ತಿದ್ದಳು. ಆ ಅಡ್ಡ ಹಿಡಿಯುವ ಕೈ ನಿಮ್ಮ ಯಂತ್ರಕ್ಕೆ ಎಲ್ಲಿಂದ ಬರಬೇಕು?

ಸಂದು_ನೋವು
ಅಮ್ಮಾ, ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಸರಿಯಾದ ಮಾತು.

ನೀರು_ಪರೀಕ್ಷೆ
ಎಲ್ಲರೂ ಕರೆಂಟ್ ಹಿಡಿದುಕೊಂಡಿದ್ದೀರಿ, ನೀರನ್ನು ಯಾರೂ ಕೇಳಲಿಲ್ಲ. ಗಾಳಿ ಬೆರೆಸಿ ಚಿಮ್ಮಿಸಿದರೆ ನೀರಿನಲ್ಲಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರುತ್ತದೆ. ಪಿಎಚ್ ಏರಿದರೆ ಹಾಕಿದ ಕ್ಲೋರಿನ್ ಇದ್ದೂ ಇಲ್ಲದಂತೆ. 7.2ರಿಂದ 7.8ರ ನಡುವೆ ಇರಲಿ, ಜೆಟ್ ಓಡಿಸಿದ ದಿನ ಸಂಜೆ ಮತ್ತೊಮ್ಮೆ ಅಳೆಯಿರಿ.

ಯಂತ್ರ ಎತ್ತಿ ಕೋಣೆಯಲ್ಲಿ ಇಡುತ್ತೀರಲ್ಲ, ಪೈಪಿನ ಹೊಟ್ಟೆಯಲ್ಲಿ ನೀರು ಉಳಿದಿರುತ್ತದೆ. ಬೆಚ್ಚನೆಯ ಕೋಣೆ, ನಿಂತ ನೀರು, ಕ್ಲೋರಿನ್ ಇಲ್ಲ: ಲೀಜನೆಲ್ಲಾ ಬ್ಯಾಕ್ಟೀರಿಯಾಕ್ಕೆ ಇಷ್ಟು ಸಾಕು. ಮರುದಿನ ಜೆಟ್ ಹಾಕಿದಾಗ ತುಂತುರಿನ ಜೊತೆ ಶ್ವಾಸಕೋಶಕ್ಕೆ. 1999ರಲ್ಲಿ ನೆದರ್ಲೆಂಡ್ಸಿನ ಬೋವೆನ್‌ಕಾರ್ಸ್ಪೆಲ್ ಎಂಬ ಊರಿನ ಫಲಪುಷ್ಪ ಪ್ರದರ್ಶನದಲ್ಲಿ ಮಾದರಿಗೆಂದು ಓಡಿಸಿಟ್ಟಿದ್ದ ಬಿಸಿನೀರಿನ ಸುಳಿತೊಟ್ಟಿಯಿಂದ ಹೀಗೇ ಹರಡಿ 30ಕ್ಕೂ ಹೆಚ್ಚು ಜನ ಸತ್ತರು. ಅದರೊಳಗೆ ಇಳಿದವರಲ್ಲ, ಪಕ್ಕದಲ್ಲಿ ಹಾದುಹೋದವರು. ಪ್ರತಿ ಸಲವೂ ಪೈಪ್ ಪೂರ್ತಿ ಬಸಿದು ಒಣಗಿಸುವ ಶಿಸ್ತು ನಿಮ್ಮ ಸಿಬ್ಬಂದಿಗೆ ಇದೆಯೇ?

ಹೋಂಸ್ಟೇ_ಮೂಡಿಗೆರೆ
ಎಳೆದುಕೊಳ್ಳುವ ಬಾಯಿಯ ಬಗ್ಗೆಯೂ ಯೋಚಿಸಿ. ನಮ್ಮಲ್ಲಿಗೆ ಬಂದ ಒಬ್ಬರ ಕೂದಲು ಇಂಥ ಯಂತ್ರದ ಜಾಲರಿಗೆ ಸಿಕ್ಕಿಕೊಂಡಿತ್ತು. ಪಕ್ಕದಲ್ಲಿದ್ದವರು ಕೂಡಲೇ ಮೋಟಾರ್ ಆರಿಸಿದ್ದರಿಂದ ಕತ್ತರಿಯಲ್ಲಿ ಮುಗಿಯಿತು. ಅಂದೇ ಯಂತ್ರ ಅಟ್ಟ ಸೇರಿತು. ಅಮೆರಿಕದಲ್ಲಿ 2002ರಲ್ಲಿ ಬಿಸಿನೀರಿನ ತೊಟ್ಟಿಯ ತಳದ ಕಿಂಡಿ ಎಳೆದುಕೊಂಡು ಏಳು ವರ್ಷದ ಹುಡುಗಿ ಸತ್ತ ಮೇಲೆ ಅವಳ ಹೆಸರಿನಲ್ಲೇ 2007ರಲ್ಲಿ ಕಾನೂನು ಆಯಿತು.

ಹಳೇ_ಟ್ಯಾಂಕ್
ಒಟ್ಟಿನಲ್ಲಿ ಎಲ್ಲರೂ ಸೇರಿ ಹಿರಿಯರಿಗೆ ಏನೂ ಬೇಡ ಎಂದು ತೀರ್ಮಾನಿಸಿದ್ದೀರಿ. ನನ್ನ ಟ್ಯಾಂಕೇ ವಾಸಿಯಾಗಿತ್ತು.

ಮೋಟಾರ್_ಮನೆ
ತಡೆಯಿರಿ. ಕೊಳದಲ್ಲಿ ಈಗಾಗಲೇ ಜೆಟ್ ಇದೆ, ಇವರಿಗೆ ಗೊತ್ತಿಲ್ಲ ಅಷ್ಟೇ. ಫಿಲ್ಟರ್ ಆದ ನೀರು ಗೋಡೆಯ ಕಿಂಡಿಗಳಿಂದ ಕೊಳಕ್ಕೆ ವಾಪಸ್ ಬರುತ್ತದೆ. ಆ ಕಿಂಡಿಯಲ್ಲಿ ತಿರುಗಿಸಬಹುದಾದ ಗುಂಡನೆಯ ಬಿಳಿ ಮೂತಿ ಇರುತ್ತದೆ, ಐಬಾಲ್ ಎನ್ನುತ್ತಾರೆ. ಅದನ್ನು ಬಿಚ್ಚಿ, ಗಾಳಿ ನಳಿಗೆ ಇರುವ ಮಸಾಜ್ ಮೂತಿಯನ್ನು ತಿರುಪಿ ಕೂರಿಸಬಹುದು. ಫಿಲ್ಟರ್ ಕೋಣೆಯಲ್ಲಿ ವಾಲ್ವ್ ಹೊಂದಿಸಿ ಆ ಕಿಂಡಿಗೆ ಹೆಚ್ಚು ನೀರು ತಿರುಗಿಸಿದರೆ ಆಯಿತು. ಹೊಸ ಮೋಟಾರ್ ಇಲ್ಲ, ಅಂಚಿನಲ್ಲಿ ಕರೆಂಟ್ ಇಲ್ಲ, ಎಳೆದುಕೊಳ್ಳುವ ಹೊಸ ಬಾಯಿ ಇಲ್ಲ, ನಿಂತ ನೀರಿನ ಪೈಪ್ ಇಲ್ಲ. ಉಳಿದ ವಾಲ್ವ್‌ಗಳನ್ನು ಪೂರ್ತಿ ಮುಚ್ಚಬಾರದು, ಫಿಲ್ಟರ್ ಮೇಲೆ ಒತ್ತಡ ಬೀಳುತ್ತದೆ. ಹೊಸ ಯಂತ್ರದಷ್ಟು ಜೋರು ಬರುವುದಿಲ್ಲ, ಗೇಣು ದೂರದಲ್ಲಿ ನಿಂತರೆ ಸಾಕಷ್ಟು ಬರುತ್ತದೆ.

ಅರ್ಥಿಂಗ್
ಇದಕ್ಕೆ ನನ್ನ ಸಹಿ ಇದೆ. ಆದರೂ ಫಿಲ್ಟರ್ ಕೋಣೆಯ ಆರ್‌ಸಿಸಿಬಿ ಗುಂಡಿ ಒತ್ತಿ ನೋಡುವುದನ್ನು ಬಿಡಬೇಡಿ.

ಬೆಳಗಿನ_ಈಜು
ಆ ಕಿಂಡಿ ಎಷ್ಟು ಎತ್ತರದಲ್ಲಿರುತ್ತದೆ? ನನಗೆ ಸೊಂಟ, ನಮ್ಮ ಯಜಮಾನರಿಗೆ ಹೆಗಲು.

ಮೋಟಾರ್_ಮನೆ
ಸಾಮಾನ್ಯವಾಗಿ ನೀರಿನ ಮಟ್ಟದಿಂದ ಒಂದು ಅಡಿಯಷ್ಟು ಕೆಳಗೆ. ಆಳದ ಕಡೆ ಸರಿದರೆ ಹೆಗಲು, ಆಳವಿಲ್ಲದ ಕಡೆ ಸೊಂಟ. ಯಜಮಾನರನ್ನು ಆ ಕಡೆ ಕಳುಹಿಸಿ.

ಸಮಿತಿ_ಸದಸ್ಯ
ಈಗಷ್ಟೇ ಫಿಲ್ಟರ್ ಕೋಣೆಗೆ ಹೋಗಿ ಬಂದೆ. ಗುಂಡಿ ಒತ್ತಿದರೆ ಆರ್‌ಸಿಸಿಬಿ ಬಿತ್ತು. ಆಳವಿಲ್ಲದ ಕಡೆ ಎರಡು ಕಿಂಡಿಗಳಿವೆ, ಒಂದರ ಐಬಾಲ್ ಕಲ್ಲಿನಂತೆ ಗಟ್ಟಿಯಾಗಿ ಕೂತಿದೆ. ಇನ್ನೊಂದಕ್ಕೆ ಕೈ ಇಟ್ಟು ನೋಡಿದೆ, ಧಾರೆ ಇದೆ ಎನ್ನುವುದೂ ಕಷ್ಟ. ಖಜಾಂಚಿಯವರು ಮಾತ್ರ ಮೂತಿಯ ಬೆಲೆ ಕೇಳಿ ಮತ್ತೆ ಮಾತನಾಡಲು ಶುರು ಮಾಡಿದ್ದಾರೆ.

ಮೋಟಾರ್_ಮನೆ
ಫಿಲ್ಟರ್ ಮೇಲಿನ ಗೇಜ್ ಎಷ್ಟು ತೋರಿಸುತ್ತಿದೆ?

ಸಮಿತಿ_ಸದಸ್ಯ
1.6 ಬಾರ್. ಹೊಸದರಲ್ಲಿ 0.8 ಇತ್ತೆಂದು ಗೋಡೆಯ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಬರೆದಿದ್ದಾರೆ.

ಮೋಟಾರ್_ಮನೆ
ಫಿಲ್ಟರಿನೊಳಗಿನ ಮರಳಿನಲ್ಲಿ ಕೊಳೆ ಕಟ್ಟಿಕೊಂಡಿದೆ. ಹೀಗಿದ್ದರೆ ಯಾವ ಮೂತಿ ಹಾಕಿದರೂ ಪ್ರಯೋಜನವಿಲ್ಲ. ಮೊದಲು ಬ್ಯಾಕ್‌ವಾಶ್ ಮಾಡಿಸಿ, ಅಂದರೆ ನೀರು ಹಿಮ್ಮುಖ ಹರಿಸಿ ಮರಳು ತೊಳೆಸಿ; ಹೊರಹೋಗುವ ನೀರು ಕಾಣುವ ಗಾಜಿನಲ್ಲಿ ಅದು ತಿಳಿಯಾಗುವ ತನಕ ಬಿಡಿ. ಆಮೇಲೆ ಗೇಜಿನ ಫೋಟೊ ಹಾಕಿ, ಮೂತಿಯ ಅಳತೆ ಹೇಳುತ್ತೇನೆ.